ಅಳಿಯನ ನಿಚ್ಚಳ ಟಿವಿ

ರಾಜೀವನ ಸಂಕಟಕ್ಕೆಲ್ಲ ಮೂಲ ಟಿವಿಯ ನಡುಮಧ್ಯೆ ತಿರುಗುವ ಒಂದು ಬಿಳಿ ಚಕ್ರ.

ಹೊನ್ನಾವರದ ಬಂದರಿನ ಹತ್ತಿರದ ಆ ಕೇರಿಯಲ್ಲಿ ಗೋಡೆಯ ಅರ್ಧ ನುಂಗುವಷ್ಟು ದೊಡ್ಡ ಟಿವಿ ಇದ್ದದ್ದು ಅವನ ಮನೆಯಲ್ಲಿ ಮಾತ್ರ. ಅಂಗಡಿಯವನು ಅದನ್ನು ‘ಫೋರ್ ಕೆ’ ಎಂದು ಕರೆದಿದ್ದ. ಹಾಗೆಂದರೇನು ಎಂದು ರಾಜೀವ ಕೇಳಲಿಲ್ಲ. ಕೇಳಿದರೆ ತನಗೆ ಗೊತ್ತಿಲ್ಲ ಎಂಬುದು ಅಂಗಡಿಯವನಿಗೆ ಗೊತ್ತಾಗಿಬಿಡುತ್ತದಲ್ಲ! ಅಂಗಡಿಯಲ್ಲಿ ಅದರೊಳಗೆ ಒಂದು ಗಿಳಿ ಕೂತಿತ್ತು. ಅದರ ರೆಕ್ಕೆಯ ಎಳೆಎಳೆಯೂ ಕಾಣುತ್ತಿತ್ತು. ರಾಜೀವ ಗಿಳಿಗೆ ಮನಸೋತು ಟಿವಿ ತಂದ. ಮನೆಯ ಗೋಡೆಗೆ ಏರಿದ ಮೇಲೆ ಗಿಳಿ ಹಾರಿಹೋಗಿ ಚಕ್ರ ಬಂದು ಕೂತಿತು. ಚಕ್ರ ನಿಂತಾಗ ಚಿತ್ರ ಬರುತ್ತಿತ್ತು ನಿಜ, ಆದರೆ ಅದು ಕೊಳೆಯಾದ ಕನ್ನಡಕ ಹಾಕಿಕೊಂಡು ನೋಡಿದ ಹಾಗೆ ಇರುತ್ತಿತ್ತು.

ಹೋದ ಸಲ ಅತ್ತೆ ದುರ್ಗಿ ಮುಟ್ಟಳ್ಳಿಯಿಂದ ಬಂದವರು ಅದರ ಮುಂದೆ ಸ್ವಲ್ಪ ಹೊತ್ತು ಕೂತು, ಕಣ್ಣುಜ್ಜಿಕೊಂಡು, ಕೊನೆಗೆ ಹೇಳಿದ್ದರು: “ಅಳಿಯರೇ, ನಮ್ಮನೆ ಹಳೇ ಟಿವೀಲಿ ಮನಷ್ರ ಮುಖ ಆದ್ರೂ ಕಾಣ್ತದೆ. ಇದ್ರಲ್ಲಿ ಗಂಡಸ್ಯಾರು ಹೆಂಗಸ್ಯಾರು ಹೇಳೂಕೆ ಸೀರೆ ನೋಡ್ಬೇಕು.”

ಆ ಮಾತು ರಾಜೀವನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಇವತ್ತು ಭಾನುವಾರ, ಅತ್ತೆ ಮತ್ತೆ ಬರುತ್ತಿದ್ದರು. ಈ ಸಲ ಬರುತ್ತಿದ್ದದ್ದು ಟಿವಿ ನೋಡಲಿಕ್ಕೆಂದೇ.

ಅದಕ್ಕೆ ಕಾರಣ ಹೆಂಡತಿಯ ತಮ್ಮ ವಿನೋದ. ಮದುವೆ ಮನೆಗಳಲ್ಲಿ ವಿಡಿಯೊ ತೆಗೆಯುತ್ತಿದ್ದ ಹುಡುಗ ಈಗ ಕರಾವಳಿಯ ಬದುಕಿನ ಬಗ್ಗೆ ಸ್ವಂತದ್ದೊಂದು ಚಿತ್ರ ಮಾಡಿದ್ದ. ಬೆಳಿಗ್ಗೆ ಕಾರವಾರದಿಂದ ಫೋನ್ ಮಾಡಿ ಉಸಿರು ಬಿಡದೆ ಮಾತಾಡಿದ.

“ಬಾವ, ಸಂಜೆ ನಾಲ್ಕಕ್ಕೆ ಬಿಡೂದು. ಎಲ್ಲಾ ಕಡೆ ಒಟ್ಟಿಗೇ. ಲಿಂಕ್ ಕಳ್ಸಿದ್ದೆ. ಆದ್ರೆ ಫೋನಲ್ಲಿ ನೋಡೂದು ಬ್ಯಾಡ. ಫೋರ್ ಕೆ ಲಿ ತೆಗ್ದದ್ದು, ನಿಮ್ಮ ಟಿವೀಲೇ ನೋಡ್ಬೇಕು. ಬಂಗಡೆ ಮೀನಿನ ಮೈಮೇಲಿನ ಗೆರೆ ಎಣಿಸ್ಬಹುದು, ಅಷ್ಟು ನಿಚ್ಚಳ.”

“ನಂದು ಫೋರ್ ಕೆ ನೇ ಅಲ್ವಾ ಮಾರಾಯ,” ಎಂದ ರಾಜೀವ ಗತ್ತಿನಿಂದ. “ಎಂತೆಂತ ತೆಗ್ದೆ?”

“ದೋಣಿ, ಬಂದರು, ಪೇಟೆ, ಅಡುಗೆ, ಎಲ್ಲಾ ಅದೆ. ಕುಮಟೆ, ಹೊನ್ನಾವರದ್ದು ನಾ ತೆಗ್ದದ್ದು. ಭಟ್ಕಳದ್ದು ನಮ್ಮ ದೋಸ್ತ ಅಕ್ಷಯ ಹೇಳಿ ಒಬ್ಬ ಇದ್ದ, ಅಂವ ತೆಗ್ದ. ಅಮ್ಮ ಬತ್ತದೆ ನಿಮ್ಮನಿಗೆ. ಅದ್ಕೆ ಸಮಾ ಕಾಣ್ಬೇಕು ಬಾವ. ನಾ ಎಂತ ಕೆಲ್ಸ ಮಾಡ್ತೆ ಹೇಳೂದು ಅಮ್ಮಂಗೆ ಇನ್ನೂ ಗೊತ್ತಾಗ್ಲಿಲ್ಲ.”

“ನೀ ಹೆದರ್ಬೇಡ,” ಎಂದ ರಾಜೀವ. ಫೋನಿಟ್ಟು ಲಿಂಕು ಒತ್ತಿ ನೋಡಿದ. ‘ಇನ್ನೂ ಶುರುವಾಗಿಲ್ಲ, ಕಾಯಿರಿ’ ಎಂಬಂಥದ್ದೇನೋ ಬಂತು. ಅದು ಸುಮ್ಮಸುಮ್ಮನೆ ಟಿಣ್ ಟಿಣ್ ಎನ್ನುತ್ತಿದ್ದುದರಿಂದ ಶಬ್ದ ಬಂದ್ ಮಾಡಿ ಫೋನನ್ನು ಅಂಗಿಯ ಜೇಬಿಗೆ ಇಳಿಸಿದ. ಮತ್ತೆ ಅದರ ನೆನಪು ಅವನಿಗೆ ಬರಲಿಲ್ಲ.

ಟಿವಿ ಹಚ್ಚಿದ. ಚಕ್ರ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ರಾಜೀವನ ಹೆಂಡತಿ ಸುಶ್ಮಿತಾ ಶಿಕ್ಷಕಿಯ ಪರೀಕ್ಷೆ ಪಾಸಾಗಿ ಕೆಲಸದ ಆರ್ಡರಿಗೆ ಕಾಯುತ್ತಿದ್ದಳು. ಹೋದ ಚೌತಿಗೆ ಗಂಡ ಹೆಂಡತಿ ಇಬ್ಬರೂ ಇಡಗುಂಜಿ ಗಣಪತಿಯ ಗುಡಿಗೆ ಹೋಗಿ, ಆರ್ಡರು ಕೈಗೆ ಬರುವ ತನಕ ಇಬ್ಬರೂ ಮೀನು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಿದ್ದರು. ಗಾಳಿಯೇ ಮೀನಿನ ಸಾರಿನ ಮೇಲಿಂದ ಬೀಸುವ ಕೇರಿಯಲ್ಲಿ ಇದು ಸಣ್ಣ ಹರಕೆಯಲ್ಲ. ಸುಶ್ಮಿತಾ ಸಂಜೆ ಹೊತ್ತು ಕಿಟಕಿ ಹಾಕಿಕೊಂಡು ಅಡುಗೆ ಮಾಡುತ್ತಿದ್ದಳು. ಗಂಡ ಭಟ್ಕಳದ ಸೊಸೈಟಿ ಆಫೀಸಿಗೆ ಹೋಗುವಾಗ ಅಮ್ಮ ದೀಪಾವಳಿಗೆ ಕೊಟ್ಟ ಸ್ಟೀಲಿನ ಡಬ್ಬಿಯಲ್ಲಿ ತೊಂಡೆಕಾಯಿ ಪಲ್ಯ ಕಟ್ಟುತ್ತಿದ್ದಳು. ಸಂಜೆ ಆ ಡಬ್ಬಿ ಖಾಲಿಯಾಗಿ, ತೊಳೆದು ಬರುತ್ತಿತ್ತು. ಡಬ್ಬಿ ತೊಳೆದು ತರುವ ಗಂಡ ಕೇರಿಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಆದರೆ ಈ ಹರಕೆಯಿಂದ ಒಂದು ತೊಡಕಾಯಿತು. ಆ ಕೇರಿಯಲ್ಲಿ ಯಾರ ಮನೆಗೆ ಒಳ್ಳೆ ಮೀನು ಬಂದರೂ ಅಕ್ಕಪಕ್ಕದ ಮನೆಗೆ ಒಂದು ಬಟ್ಟಲು ಪಾಲು ಹೋಗಬೇಕು. ಬಟ್ಟಲು ಖಾಲಿಯಾಗಿ ತಿರುಗಿ ಬರಬಾರದು. ರಾಜೀವನ ಮನೆಯವರು ಪಾಲು ಬೇಡವೆನ್ನತೊಡಗಿದ ಮೇಲೆ ಕೇರಿಯವರ ಮುಖ ಸಪ್ಪಗಾಯಿತು. ಹರಕೆ ಎಂದರೂ ಸಮಾಧಾನವಿಲ್ಲ. ಆಗ ರಾಜೀವ ತನ್ನ ಹತ್ತಿರ ಇದ್ದದ್ದನ್ನು ಕೊಟ್ಟ. ಅದು ವೈಫೈ. ಬಟ್ಟಲು ತಂದವರಿಗೆಲ್ಲ ಬಟ್ಟಲು ತಿರುಗಿಸಿ ಪಾಸ್‌ವರ್ಡ್ ಹೇಳಿ ಕಳಿಸಿದ. ಕೇರಿಯ ಮುಖ ಮತ್ತೆ ಅರಳಿತು. ಈಗ ಬಟ್ಟಲುಗಳು ಬರುತ್ತಿರಲಿಲ್ಲ, ಚಕ್ರ ಬರುತ್ತಿತ್ತು. ಇವೆರಡಕ್ಕೂ ಸಂಬಂಧವಿದೆ ಎಂದು ರಾಜೀವನಿಗೆ ಈವರೆಗೂ ಹೊಳೆದಿರಲಿಲ್ಲ.

ಹೊಳೆಯಿಸಿದವನು ನೆಟ್ ಕನೆಕ್ಷನ್ ಕೊಟ್ಟ ಹುಡುಗ. ರಾಜೀವ ಫೋನಿನಲ್ಲಿ ಕೂಗಾಡಿದ ಮೇಲೆ ಅವನು ಅಲ್ಲಿಂದಲೇ ಏನೋ ಪರೀಕ್ಷೆ ಮಾಡಿ ಕೇಳಿದ: “ಸರ, ನಿಮ್ಮನೇಲಿ ಇವತ್ತು ಮದುವೆ ಗಿದುವೆ ಉಂಟಾ?”

“ಇಲ್ಲ ಮಾರಾಯ. ನಾವಿಬ್ರೇ.”

“ಇಲ್ಲಿ ನೋಡಿದ್ರೆ ದಿಬ್ಬಣವೇ ಕಾಣ್ತದೆ. ಸರ, ನಿಮ್ಮ ಲೈನು ಸಣ್ಣದು. ಫೋರ್ ಕೆ ಬೇಕಾದ್ರೆ ಇಡೀ ಲೈನು ಅದಕ್ಕೇ ಬೇಕು. ಬೇರೆ ಯಾರೂ ಬಳಸ್ಬಾರ್ದು. ಪಾಸ್‌ವರ್ಡ್ ಬದಲಾಯ್ಸಿಬಿಡಿ.”

ಲೈನು ಸಣ್ಣದು ಎಂದದ್ದು ರಾಜೀವನ ತಲೆಯಲ್ಲಿ ನಿಂತಿತು. ಹೊರಗೆ ಹೋಗಿ ಕಂಬದಿಂದ ಬಂದ ಕಪ್ಪು ವಯರನ್ನು ನೋಡಿದ. ಹೌದು, ಗಾಳದ ದಾರಕ್ಕಿಂತ ಸ್ವಲ್ಪ ದಪ್ಪ ಅಷ್ಟೆ. ಇದರಲ್ಲಿ ಅಷ್ಟು ದೊಡ್ಡ ಟಿವಿಯ ಚಿತ್ರ ಹೇಗೆ ಬಂದೀತು ಎಂದು ಅವನಿಗೂ ಅನುಮಾನವಾಯಿತು. ಒಳಗೆ ಬಂದು ಹೆಂಡತಿಗೆ ಪಾಸ್‌ವರ್ಡಿನ ವಿಷಯ ಹೇಳಿದ.

ಸುಶ್ಮಿತಾ ಸೌಟು ಕೆಳಗಿಟ್ಟಳು. “ಕೊಟ್ಟದ್ದು ತಿರುಗಿ ಕಸ್ಕಣೂದಾ? ಮೊದ್ಲೇ ಅವ್ರ ಪಾಲು ಬ್ಯಾಡ ಹೇಳಿದ್ದು ನಾವು. ಈಗ ಇದೂ ಮಾಡಿದ್ರೆ ನಾಳೆ ನಾ ಬಾವಿಕಟ್ಟೆಗೆ ಹೋಗೂದು ಹ್ಯಾಂಗೆ?”

“ಮತ್ತೆ ನಿನ್ನ ಅಮ್ಮ ಬತ್ತದಲೆ! ಅದ್ಕೆ ಚಕ್ರ ತೋರ್ಸೂದಾ?”

“ನೀವೇ ಹೋಗಿ ನಯವಾಗಿ ಕೇಳಿ. ನಾಲ್ಕಕ್ಕೆ ಒಂಚೂರು ಬಂದ್ ಮಾಡಿ ಹೇಳಿ. ಆದ್ರೆ ಕೇಳಿದ ಹಾಂಗೆ ಆಗ್ಬಾರ್ದು.”

ಕೇಳಬೇಕು, ಆದರೆ ಕೇಳಿದ ಹಾಗೆ ಆಗಬಾರದು. ಈ ಸಲಹೆಯನ್ನು ಹೊತ್ತು ರಾಜೀವ ಹೊರಟ.

ಮೊದಲಿಗೆ ಸಿಕ್ಕಿದ್ದು ಬಂಗಾರಿಯ ಮನೆ. ಬಂಗಾರಿ ಬೆಳಗಿನ ಮೀನು ಮಾರಾಟ ಮುಗಿಸಿ ಬಂದು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಎದುರಿಗೆ ಅಕ್ಕಿ ಡಬ್ಬಕ್ಕೆ ಒರಗಿಸಿದ ಫೋನು. ಅದರೊಳಗೆ ರತ್ನಾಗಿರಿಗೆ ಮದುವೆಯಾಗಿ ಹೋದ ಮಗಳು ಸೌಜನ್ಯಾ ಅಲ್ಲಿನ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ.

“ಫೋನ್ ಚಾಲೂ ಅದ್ಯಲ ಬಂಗಾರಕ್ಕ, ಮಾತಾಡೂದಿಲ್ವಾ?” ಎಂದ ರಾಜೀವ.

“ಮಾತೆಂತಾ ಇರ್ತದೆ ದಿನಾ? ಬೆಳಿಗ್ಗೆ ಹಚ್ಚಿದ್ರೆ ರಾತ್ರೆ ಬಂದ್ ಮಾಡೂದು. ಅದು ಅಲ್ಲಿ ಓಡಾಡ್ತದೆ, ನಾ ಇಲ್ಲಿ ಓಡಾಡ್ತೆ. ಮಗಳು ಮನೇಲೇ ಇದ್ದಾಂಗೆ ಆತದೆ.” ಬಂಗಾರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಿನ್ನ ಪುಣ್ಯ ರಾಜೀವಣ್ಣ. ನಿನ್ನ ನೆಟ್ಟು ಇಲ್ದಿದ್ರೆ ನಾ ಯಾವತ್ತೋ ಸತ್ತೋತಿದ್ದೆ.”

ಇಂಥವಳ ಹತ್ತಿರ ಬಂದ್ ಮಾಡು ಎನ್ನುವುದು ಹೇಗೆ? ರಾಜೀವ ಅವಳು ಕೊಟ್ಟ ಮುರುಗಲ ಹಣ್ಣಿನ ಶರಬತ್ತು ಕುಡಿದ. ಲೋಟದ ತಳ ಕಾಣುವ ಹೊತ್ತಿಗೆ ಅವನಿಗೊಂದು ಉಪಾಯ ಹೊಳೆಯಿತು. ಬಂಗಾರಿಯೇ ತನ್ನ ಮನೆಗೆ ಬಂದು ಕೂತರೆ ಅವಳ ಮನೆಯಲ್ಲಿ ಫೋನು ಬಳಸುವವರು ಯಾರು? ಯಾರೂ ಇಲ್ಲ! ತನ್ನ ಬುದ್ಧಿಗೆ ತಾನೇ ಬೆರಗಾಗಿ, “ನಾಲ್ಕ್ ಗಂಟೆಗೆ ನಮ್ಮನಿಗೆ ಬಾ ಬಂಗಾರಕ್ಕ, ನಮ್ಮ ವಿನೋದನ ಪಿಚ್ಚರ್ ಅದೆ,” ಎಂದ.

ಬಲೆ ನೇಯುವ ಸೋಮನ ಮನೆಯಲ್ಲೂ ಹಾಗೇ ಆಯಿತು. ಅವನು ಜಗಲಿಯಲ್ಲಿ ಬಲೆ ಹರಡಿಕೊಂಡು, ಫೋನನ್ನು ಕಂಬಕ್ಕೆ ಕಟ್ಟಿ ಕ್ರಿಕೆಟ್ ಹಚ್ಚಿಕೊಂಡಿದ್ದ. ಅವನ ಹೆಂಡತಿ ಒಳಗೆ ಇನ್ನೊಂದು ಫೋನಿನಲ್ಲಿ ಧಾರಾವಾಹಿ ಹಚ್ಚಿಕೊಂಡಿದ್ದಳು. ಅಲ್ಲೂ ಶರಬತ್ತು, ಅಲ್ಲೂ ಕರೆ. ರಾಜೀವ ಇಡೀ ಕೇರಿಯನ್ನು ಹೀಗೆ ಮನೆಗೆ ಕರೆದ. ಒಂದು ಮಾತೂ ಕೇಳಲಿಲ್ಲ, ಕೆಲಸ ಮಾತ್ರ ಆಯಿತು ಎಂದು ಹಿಗ್ಗಿದ. ಹೊಟ್ಟೆಯೊಳಗೆ ಶರಬತ್ತು ಕುಲುಕಾಡುತ್ತಿತ್ತು.

ಕೊನೆಗೆ ತಾಂಡೇಲ ಬೊಮ್ಮಯ್ಯ. ಬೊಮ್ಮಯ್ಯ ಒಂದು ಕಾಲಕ್ಕೆ ಬೋಟಿನ ಮುಖ್ಯಸ್ಥರಾಗಿದ್ದವರು. ಬೋಟು ಬಿಟ್ಟು ಕೆಲವು ವರ್ಷವಾದರೂ ತಾಂಡೇಲಿಕೆ ಬಿಟ್ಟಿರಲಿಲ್ಲ. ದಿನವಿಡೀ ಆರಾಮಕುರ್ಚಿಯಲ್ಲಿ ಕೂತು, ಯಾವ್ಯಾವುದೋ ಸಮುದ್ರದಲ್ಲಿ ಹಡಗು ಮುಳುಗುವ ವಿಡಿಯೊ ನೋಡುತ್ತ ಆ ಹಡಗಿನವರನ್ನು ಬೈಯುತ್ತಿದ್ದರು. ಅವರ ಹತ್ತಿರ ರಾಜೀವ ನಿಜ ಹೇಳಿದ.

“ಇಷ್ಟೇಯಾ?” ಎಂದು ಬೊಮ್ಮಯ್ಯ ಎದ್ದೇ ಬಿಟ್ಟರು. “ನಲವತ್ ವರ್ಷ ವಾಯರ್‌ಲೆಸ್ ಇಟ್ಕಂಡು ಸಮುದ್ರದಲ್ಲಿದ್ದವ ನಾನು. ನಡಿ, ನೋಡ್ವ.”

ನೋಡಿದ್ದೇ ತಪ್ಪಾಯಿತು. ರೂಟರ್ ಡಬ್ಬಿ ಕೆಳಗಿರಬಾರದು, ವಾಯರ್‌ಲೆಸ್ಸಿನ ಕೋಲು ಎತ್ತರದಲ್ಲಿರಬೇಕು ಎಂದು ಅದನ್ನು ಕಪಾಟಿನ ಮೇಲಿಡಿಸಿದರು. ಚಕ್ರ ತಿರುಗಿತು. ಕೋಲುಗಳು ಸಮುದ್ರದ ಕಡೆ ಮುಖ ಮಾಡಲಿ ಎಂದು ಕಿಟಕಿಗೆ ತಂದರು. ಚಕ್ರ ತಿರುಗಿತು. ಅಷ್ಟು ಹೊತ್ತಿಗೆ ಬಂದ ಸೋಮ ಫ್ರಿಜ್ಜು ನೆಟ್ಟನ್ನು ಎಳೆಯುತ್ತದೆ ಎಂದು ಎಲ್ಲೋ ಕೇಳಿದ್ದೇನೆ ಎಂದ. ಫ್ರಿಜ್ಜು ಬಂದ್ ಆಯಿತು. ಚಕ್ರ ತಿರುಗಿತು, ಸುಶ್ಮಿತಾಳ ಹಾಲೂ ಕೆಟ್ಟಿತು. ಕೊನೆಗೆ ಬೊಮ್ಮಯ್ಯ ಸೋಮನಿಂದ ಒಂದು ತುಂಡು ಬಲೆ ತರಿಸಿ, ಅದರೊಳಗೆ ರೂಟರನ್ನು ಹಾಕಿ, ಟಿವಿಯ ನೆತ್ತಿಯ ಮೇಲೆ ಮಾಡಿನ ತೊಲೆಯಿಂದ ಇಳಿಬಿಟ್ಟರು.

ದುರ್ಗಿ ಬಂದು ಹೊಸ್ತಿಲಲ್ಲೇ ನಿಂತರು. ಬಲೆಯೊಳಗೆ ಹಸಿರು ಕಣ್ಣು ಮಿಟುಕಿಸುತ್ತ ತೂಗಾಡುವ ಡಬ್ಬಿಯನ್ನು ನೋಡಿದರು. “ಇದೆಂತದು ಅಳಿಯರೇ? ಆಮೆ ಹಿಡಿದ್ರಾ?”

“ಅದೇ ಅತ್ತೆ ನೆಟ್ಟು. ಇವತ್ತು ನೋಡಿ ನೀವು, ಬಂಗಡೆ ಗೆರೆ ಎಣಿಸೂಕೆ ಬತ್ತದೆ!” ಎಂದ ರಾಜೀವ. ಆದರೆ ಒಳಗೊಳಗೆ ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು. ಈ ಸಲವೂ ಚಕ್ರ ಬಂದರೆ ಅತ್ತೆಯ ಎದುರು ಈ ಜನ್ಮದಲ್ಲಿ ಮತ್ತೆ ತಲೆ ಎತ್ತುವ ಹಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತಮ್ಮನ ಚಿತ್ರ ನೋಡಲಿಕ್ಕೆಂದು ಹೊಸ ಸೀರೆ ಉಟ್ಟು ಅಮ್ಮನ ಪಕ್ಕದಲ್ಲಿ ಕೂತ ಸುಶ್ಮಿತಾಳ ಮುಖ ನೋಡಿ ಅವನ ಕರುಳು ಚುರುಕ್ಕೆಂದಿತು. ಆರ್ಡರು ಬಾರದೆ ಆ ಮುಖದಲ್ಲಿ ಇಷ್ಟು ಸಂತೋಷ ಕಾಣದೆ ಬಹಳ ದಿನವಾಗಿತ್ತು.

ನಾಲ್ಕು ಗಂಟೆಗೆ ಕೇರಿ ಬಂದು ಸೇರಿತು. ಕುರ್ಚಿ, ಚಾಪೆ, ಕಿಟಕಿಯ ದಂಡೆ ಎಲ್ಲ ತುಂಬಿದವು. ಚಿತ್ರ ಶುರುವಾಯಿತು. ಅಲೆ ಬಂತು, ಒಂದು ದೋಣಿ ಬಂತು, ದೋಣಿ ಅಲೆಯ ಮೇಲೆ ಏರಿ ಅಲ್ಲೇ ನಿಂತಿತು. ಚಕ್ರ ಬಂತು.

ದುರ್ಗಿ ಒಮ್ಮೆ ಅಳಿಯನ ಮುಖ ನೋಡಿದರು, ಅಷ್ಟೆ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ರಾಜೀವನಿಗೆ ತಲೆಬುಡ ತಿಳಿಯಲಿಲ್ಲ. ಇಡೀ ಕೇರಿಯ ಮನೆಗಳು ಖಾಲಿ. ಎಲ್ಲರೂ ಇಲ್ಲೇ ಇದ್ದಾರೆ. ಮತ್ತೆ ನೆಟ್ಟು ತಿನ್ನುವವರು ಯಾರು? ಸುತ್ತ ಕಣ್ಣು ಹಾಯಿಸಿದ. ಬಂಗಾರಿ ಫೋನನ್ನು ಮಡಿಲಲ್ಲಿ ನಿಲ್ಲಿಸಿಕೊಂಡು ಕೂತಿದ್ದಳು, ರತ್ನಾಗಿರಿಯ ಸೌಜನ್ಯಾಗೂ ಟಿವಿ ಕಾಣಲಿ ಎಂದು. ಸೋಮನ ಫೋನಿನಲ್ಲಿ ಕ್ರಿಕೆಟ್ ನಡೆದೇ ಇತ್ತು. ಕಿಟಕಿಯ ಮೇಲೆ ಕೂತವರು ಟಿವಿ ನಿಂತದ್ದು ನೋಡಿ ಅದೇ ಚಿತ್ರವನ್ನು ತಮ್ಮ ಫೋನುಗಳಲ್ಲಿ ಹಚ್ಚಿಕೊಳ್ಳುತ್ತಿದ್ದರು. ಜನ ಮನೆ ಬಿಟ್ಟು ಬರುತ್ತಾರೆ, ಫೋನು ಬಿಟ್ಟು ಬರುವುದಿಲ್ಲ ಎಂಬ ಸಣ್ಣ ಸಂಗತಿ ಅವನ ಉಪಾಯದಲ್ಲಿ ಬಿಟ್ಟುಹೋಗಿತ್ತು.

ಬೊಮ್ಮಯ್ಯನಿಗೂ ಅದೇ ಹೊತ್ತಿಗೆ ಜ್ಞಾನೋದಯವಾಯಿತು. ಅವರು ಎದ್ದು ನಿಂತು, ಬೋಟಿನ ಮುಂಭಾಗದಲ್ಲಿ ನಿಂತವರಂತೆ ಎದೆ ಉಬ್ಬಿಸಿದರು.

“ವಾಯರ್‌ಲೆಸ್ಸಲ್ಲಿ ಒಬ್ಬ ಮಾತಾಡೂವಾಗ ಉಳಿದವ್ರು ಬಾಯಿ ಮುಚ್ಕಂಡಿರ್ಬೇಕು. ಎಲ್ಲಾರೂ ಒಟ್ಟಿಗೆ ಕೂಗಿದ್ರೆ ಯಾರದ್ದೂ ಕೇಳೂದಿಲ್ಲ. ಇದೂ ಹಾಂಗೇ. ಬಂದ್ ಮಾಡಿ ಎಲ್ಲಾರೂ! ಈಗ ಟಿವಿ ಮಾತಾಡ್ತದೆ! ಓವರ್!”

ರಾಜೀವ ಅವರ ಕಾಲಿಗೆ ಬೀಳುವುದೊಂದು ಬಾಕಿ. ತಾನು ಬೆಳಗಿನಿಂದ ಶರಬತ್ತು ಕುಡಿದು ಕೇಳಲಾಗದ್ದನ್ನು ಮುದುಕ ಒಂದೇ ಮಾತಿನಲ್ಲಿ ಮುಗಿಸಿದ್ದರು. ಕಿಟಕಿಯ ಮೇಲಿನ ಫೋನುಗಳು ಆರಿದವು. ದೋಣಿ ಅಲೆಯಿಂದ ಇಳಿಯಿತು. ಸೋಮನ ಕ್ರಿಕೆಟ್ ನಿಂತಿತು. ಚಿತ್ರದಲ್ಲಿ ಮನುಷ್ಯರು ಯಾರು, ದೋಣಿ ಯಾವುದು ಎಂದು ಗೊತ್ತಾಗತೊಡಗಿತು. ಬಂಗಾರಿ, “ಒಂದ್ ಗಳಿಗೆ ಮಗಾ, ಆಮೇಲೆ ಹಚ್ತೆ,” ಎಂದು ಮಗಳನ್ನು ಬಂದ್ ಮಾಡಿದಳು. ಕುಮಟೆಯ ಪೇಟೆ ಬಂತು. ಬುಟ್ಟಿಗಳು ಬಂದವು. ದುರ್ಗಿ ಮುಂದಕ್ಕೆ ಬಾಗಿ, “ಇದು ನಮ್ಮ ವಿನೋದ ತೆಗ್ದದ್ದಾ? ಅವನೇಯಾ?” ಎಂದು ಕೇಳಿದರು. ಸುಶ್ಮಿತಾ ಅಮ್ಮನ ಕೈ ಹಿಡಿದುಕೊಂಡಳು.

ಆದರೂ ಪೂರ್ತಿ ನಿಚ್ಚಳವಿಲ್ಲ. ಅಂಚುಗಳೆಲ್ಲ ನೀರಿನಲ್ಲಿ ನೆನೆದ ಹಾಗಿವೆ. ಬಂಗಡೆ ಇದೆ, ಗೆರೆ ಇಲ್ಲ.

“ಇನ್ನೂ ಯಾರೋ ಗುಂಡಿ ಒತ್ತಿ ಹಿಡ್ಕಂಡಿದ್ರು,” ಎಂದರು ಬೊಮ್ಮಯ್ಯ ಗಂಭೀರವಾಗಿ. “ಬೋಟಲ್ಲೂ ಹೀಂಗೇ ಆತಿತ್ತು. ಒಬ್ಬ ಮಳ್ಳ ಗೊತ್ತಿಲ್ದೇ ವಾಯರ್‌ಲೆಸ್ಸಲ್ಲಿ ಮಾತಾಡೂ ಗುಂಡಿ ಒತ್ತಿ ಕೂತ್ರೆ ಇಡೀ ಬಂದರಿಗೆ ತೊಂದ್ರೆ. ಹುಡ್ಕು ರಾಜೀವ, ಯಾರದು ಹುಡ್ಕು!”

ರಾಜೀವ ಟಿವಿಗೆ ಬೆನ್ನು ಹಾಕಿ ಹುಡುಕತೊಡಗಿದ. ಒಬ್ಬೊಬ್ಬರ ಕೈ ನೋಡಿದ, ಮಡಿಲು ನೋಡಿದ. ಅವನ ಹಿಂದೆ ಚಿತ್ರ ಕುಮಟೆ ದಾಟಿ, ಹೊನ್ನಾವರ ದಾಟಿ, ಭಟ್ಕಳಕ್ಕೆ ಬಂತು. ಯಾವುದೋ ಮೀನೂಟದ ಹೋಟೆಲು. ಎದುರಿಗೆ ಬಾಣಸಿಗನೊಬ್ಬ ಕಾವಲಿಯ ಮೇಲೆ ಬಂಗಡೆ ಮಗುಚುತ್ತಿದ್ದ. ಹಿಂದೆ ಊಟದ ಮೇಜುಗಳು, ಮಸುಕು ಮಸುಕಾಗಿ ಉಣ್ಣುತ್ತಿರುವ ಜನ. ಚೊಂಯ್ ಎಂಬ ಶಬ್ದ ಕೇಳಿ ಸುಶ್ಮಿತಾ ಎಂಜಲು ನುಂಗಿದಳು.

“ಆ ಹಿಂದಿನ ಮೇಜಲ್ಲಿ ನೀಲಿ ಅಂಗಿಯವ ಕಾಣ್ತಾ ಮಗಾ?” ಎಂದರು ದುರ್ಗಿ. “ಮುಖ ಕಾಣೂದಿಲ್ಲ. ಆದ್ರೆ ಎಷ್ಟು ಚಂದ ಉಣ್ತ ನೋಡು. ಹಾಂಗೆ ಉಣ್ಣುವವ್ರಿಗೆ ಬಡಿಸ್ಬೇಕು.”

“ಪಾಪ, ಮನೇಲಿ ಹಾಕೂದಿಲ್ಲ ಕಾಣ್ತದೆ,” ಎಂದಳು ಬಂಗಾರಿ.

ಆಗ ರಾಜೀವನಿಗೆ ತನ್ನ ಎದೆಯ ಹತ್ತಿರ ಏನೋ ಬಿಸಿಯಾದಂತೆ ಅನಿಸಿತು. ಜೇಬಿಗೆ ಕೈ ಹಾಕಿದ. ಫೋನು! ಬೆಳಿಗ್ಗೆ ಒತ್ತಿ ಬಿಟ್ಟ ಲಿಂಕು ನಾಲ್ಕು ಗಂಟೆಗೆ ತಾನಾಗಿಯೇ ಶುರುವಾಗಿ, ಶಬ್ದವಿಲ್ಲದೆ, ಕತ್ತಲ ಜೇಬಿನೊಳಗೆ ಇಡೀ ಚಿತ್ರ ಓಡುತ್ತಿತ್ತು. ಗುಂಡಿ ಒತ್ತಿ ಹಿಡಿದುಕೊಂಡ ಮಳ್ಳ ತಾನೇ! ಅವನಿಗೆ ನಾಚಿಕೆಗಿಂತ ಸಂತೋಷವೇ ಹೆಚ್ಚಾಯಿತು. ಆ ಕ್ಷಣ ಆ ಫೋನನ್ನು ಹಾಗೇ ಜೇಬಿಗೆ ಇಳಿಸಿದ್ದರೆ ಅವನ ಸಂಸಾರ ಮೊದಲಿನ ಹಾಗೆಯೇ ನಡೆದುಕೊಂಡು ಹೋಗುತ್ತಿತ್ತು. ಆದರೆ ಅವನು ಬಂದ್ ಮಾಡಿದ. ಮಾಡಿ, ಅತ್ತೆಯ ಕಡೆ ತಿರುಗಿ, ಟಿವಿಯತ್ತ ಕೈ ಚಾಚಿ ಗೆದ್ದವನಂತೆ ಹೇಳಿದ:

“ಈಗ ನೋಡಿ ಅತ್ತೆ!”

ಎಲ್ಲರೂ ನೋಡಿದರು. ಚಿತ್ರ ಒಮ್ಮೆ ನಡುಗಿ, ಕನ್ನಡಿ ಒರೆಸಿದಂತೆ ನಿಚ್ಚಳವಾಯಿತು. ಕಾವಲಿಯ ಎಣ್ಣೆಯ ಗುಳ್ಳೆ ಕಂಡಿತು. ಮೇಜಿನ ಮೇಲಿನ ನೊಣದ ಕಾಲು ಕಂಡಿತು. ಹಿಂದಿನ ಮೇಜಿನಲ್ಲಿ, ನೀಲಿ ಅಂಗಿ ಹಾಕಿಕೊಂಡು, ಎರಡೂ ಕೈಯಲ್ಲಿ ಬಂಗಡೆ ಹಿಡಿದು, ಕಣ್ಣು ಅರ್ಧ ಮುಚ್ಚಿ, ಪರಮ ಭಕ್ತಿಯಿಂದ ಬಾಯಿ ತೆರೆದ ರಾಜೀವ ಕಂಡ. ಬಂಗಡೆಯ ಗೆರೆಗಳೂ ಕಂಡವು.

ಎಲ್ಲರ ಕಣ್ಣೂ ಟಿವಿಯಿಂದ ರಾಜೀವನ ಕಡೆಗೆ ತಿರುಗಿದವು.

“ಅಂವ... ಅಂವ ನನ್ನ ಹಾಂಗೇ ಇದ್ದ ಅಲ್ವಾ,” ಎಂದ ರಾಜೀವ. ನಗಲು ನೋಡಿದ. “ಒಬ್ರ ಹಾಂಗೆ ಒಬ್ರು ಇರ್ತಾರೆ.”

“ಅಂಗಿನೂ ಅದೇ ಅದೆ,” ಎಂದ ಸೋಮ, ಇವನ ಮೈಮೇಲಿದ್ದ ನೀಲಿ ಅಂಗಿಯನ್ನು ನೋಡಿ. ರಾಜೀವನಿಗೆ ಸಹಾಯ ಮಾಡುತ್ತಿದ್ದೇನೆ ಎಂದೇ ಸೋಮನಿಗೆ ಅನಿಸಿತ್ತು.

“ಹೌದೌದು, ನಾನೇ. ಈಗ ನೆನಪಾತು. ಅದು ಹಳೇದು. ಹರಕೆಗಿಂತ ಮುಂಚಿಂದು. ಅಕ್ಷಯ ಯಾವಾಗ್ಲೋ ತೆಗ್ದದ್ದು.”

ದುರ್ಗಿ ಎದ್ದು, ಟಿವಿಯ ಹತ್ತಿರ ಹೋಗಿ, ಬಂಗಡೆಯ ಪಕ್ಕಕ್ಕೆ ಬೆರಳಿಟ್ಟರು. ರಾಜೀವನ ಎದುರಿಗೆ ಕೂತ ಅವನ ಆಫೀಸಿನವನೊಬ್ಬ ಸ್ಟೀಲಿನ ಡಬ್ಬಿಯಿಂದ ತೊಂಡೆಕಾಯಿ ಪಲ್ಯ ತಿನ್ನುತ್ತಿದ್ದ. ಡಬ್ಬಿಯ ಮುಚ್ಚಳ ನೀರಿನ ಜಗ್ಗಿಗೆ ಒರಗಿ ನಿಂತಿತ್ತು. ಪಾತ್ರೆ ಅಂಗಡಿಯಲ್ಲಿ ಕೊರೆಸಿದ ಅಕ್ಷರಗಳು ಅದರ ಮೇಲೆ ಹೊಳೆಯುತ್ತಿದ್ದವು. ದುರ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು.

“ಚಿ. ಸೌ. ಸುಶ್ಮಿತಾಳಿಗೆ... ತಾಯಿ... ದುರ್ಗಿಯಿಂದ.” ಆಮೇಲೆ ಅಳಿಯನ ಕಡೆ ತಿರುಗಿದರು. “ಚೌತಿಗೆ ಹರಕೆ. ಡಬ್ಬಿ ನಾ ಕೊಟ್ಟದ್ದು ಆಮೇಲೆ, ದೀಪಾವಳಿಗೆ. ಅಳಿಯರೇ, ಟಿವಿ ಭಾರೀ ಚಲೋ ಅದೆ. ಹೋದ ಸಲ ನಾ ಹೇಳಿದ್ದು ತಪ್ಪಾತು.”

ಈ ಮಾತಿಗೆ ಕಾಯುತ್ತಿದ್ದ ರಾಜೀವನಿಗೆ ಅದು ಹೀಗೆ ಸಿಗುತ್ತದೆಂದು ಗೊತ್ತಿರಲಿಲ್ಲ.

ಮುಂದಿನ ದೃಶ್ಯವಾದರೂ ಬೇಗ ಬರಲಿ ದೇವರೇ ಎಂದು ಅವನು ಟಿವಿಯ ಕಡೆ ನೋಡಿದ. ಅಷ್ಟರಲ್ಲಿ ಕೇರಿಗೆ ಮಾತು ತಿರುಗಿ ಬಂದಿತ್ತು. ಬಂಗಾರಿ, “ಮಗಾ, ಇಲ್ಲಿ ನೋಡೇ, ಬೇಗ ನೋಡೇ,” ಎಂದು ರತ್ನಾಗಿರಿಗೆ ಹಚ್ಚಿದಳು. ಸೋಮ ಫೋಟೊ ತೆಗೆದು ಎಲ್ಲಿಗೋ ಕಳಿಸತೊಡಗಿದ. ಕಿಟಕಿಯವರು ತಮ್ಮ ಫೋನಿನಲ್ಲೂ ರಾಜೀವ ಸಿಗುತ್ತಾನಾ ಎಂದು ಹಿಂದೆ ಮುಂದೆ ಓಡಿಸಿ ಹುಡುಕತೊಡಗಿದರು. ಬೊಮ್ಮಯ್ಯ ಕೂಡ ವಾಯರ್‌ಲೆಸ್ಸಿನ ಶಿಸ್ತು ಮರೆತು ಫೋನು ತೆಗೆದು, ಕನ್ನಡಕ ಹುಡುಕುತ್ತಿದ್ದರು.

ಟಿವಿಯ ನಡುಮಧ್ಯೆ ಬಿಳಿ ಚಕ್ರ ಬಂತು. ಅದರ ಹಿಂದೆ ಚಿತ್ರ ನಿಂತುಬಿಟ್ಟಿತು. ಬಾಯಿ ತೆರೆದ ರಾಜೀವ, ಕೈಯಲ್ಲಿ ಬಂಗಡೆ, ಪಕ್ಕದಲ್ಲಿ ಮುಚ್ಚಳ. ಒಂದಿಷ್ಟೂ ಮಸುಕಿಲ್ಲ.

“ಬಂದ್ ಮಾಡಿ ಮಾರಾಯ್ರೇ! ಎಲ್ಲಾರೂ ಫೋನ್ ಬಂದ್ ಮಾಡಿ!” ರಾಜೀವ ಕೈಮುಗಿದು ಕೂಗಿದ. “ತಾಂಡೇಲರೇ, ನೀವಾದ್ರೂ ಹೇಳಿ! ಓವರ್ ಹೇಳಿ!”

“ಯಾರೂ ಬಂದ್ ಮಾಡೂದು ಬ್ಯಾಡ.”

ಸುಶ್ಮಿತಾ. ಅವಳು ಕೂತಲ್ಲಿಂದ ಎದ್ದಿರಲಿಲ್ಲ. ಕಣ್ಣಲ್ಲಿ ನೀರಿತ್ತು. ಧ್ವನಿ ಮಾತ್ರ ಮುಂದೆ ಯಾವುದಾದರೂ ಶಾಲೆಯಲ್ಲಿ ಮಕ್ಕಳು ಕೇಳಬೇಕಾದ ಧ್ವನಿಯೇ ಆಗಿತ್ತು.

“ಹಾಂಗೇ ಇರ್ಲಿ. ಎಷ್ಟು ದಿನ ಆತು ನಾ ಮೀನು ನೋಡ್ದೆ. ಕಿಟಕಿ ಹಾಕ್ಕಂಡು ಅಡುಗೆ ಮಾಡ್ದೆ. ಆರ್ಡರ್ ಬರ್ಲಿಲ್ಲ ಹೇಳಿ ನನ್ನ ಹಣೆಬರಹಕ್ಕೆ ಬೈದೆ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬಂಗಾರಿಯ ಕಡೆ ತಿರುಗಿದಳು. “ಬಂಗಾರಕ್ಕ, ನಾಳೆಯಿಂದ ನಮ್ಮನಿಗೂ ಪಾಲು ಕಳ್ಸು. ಬ್ಯಾಡ ಹೇಳಿ ಬಟ್ಟಲು ತಿರ್ಗಿ ಬರೂದಿಲ್ಲ.”

“ಹರಕೆ?” ಎಂದಳು ಬಂಗಾರಿ ಹೆದರಿ.

“ಹರಕೆ ಅದೆ. ಇವ್ರು ತೀರಿಸ್ತಾರೆ. ನನ್ನ ಪಾಲಿಂದೂ ಸೇರಿಸಿ. ನಾಳೆಯಿಂದ ಡಬ್ಬಿ ನಾನೇ ಭಟ್ಕಳಕ್ಕೆ ತಕಂಡ್ ಹೋತೆ, ಎದುರಿಗೆ ಕೂತು ಉಣ್ಣಿಸಿ ಬತ್ತೆ.” ಅಮ್ಮನ ಕಡೆ ನೋಡಿದಳು. “ಅಮ್ಮ, ನೀ ಒಂದ್ವಾರ ಇಲ್ಲೇ ಇರು. ಬಂಗಡೆ ಹುರಿವ.”

“ಆತು ಮಗಾ,” ಎಂದರು ದುರ್ಗಿ, ಮತ್ತೆ ಬಂದು ಚಾಪೆಯ ಮೇಲೆ ಸರಿಯಾಗಿ ಕೂತುಕೊಂಡು.

ತೊಲೆಯಿಂದ ಇಳಿಬಿಟ್ಟ ಬಲೆಯೊಳಗೆ ರೂಟರು ಹಸಿರು ಕಣ್ಣು ಮಿಟುಕಿಸುತ್ತ ನಿಧಾನ ತೂಗುತ್ತಿತ್ತು. ರಾಜೀವ ಎಲ್ಲಿ ನೋಡಬೇಕೆಂದು ತಿಳಿಯದೆ ಟಿವಿಯನ್ನೇ ನೋಡಿದ. ಚಕ್ರದ ಹಿಂದೆ ಬಂಗಡೆ ಹಾಗೇ ಇತ್ತು. ಅಷ್ಟು ನಿಚ್ಚಳವಾಗಿ ಅದನ್ನು ಅವನು ತಿನ್ನುವಾಗಲೂ ನೋಡಿರಲಿಲ್ಲ.